ನನ್ನ ಕಾರಿನ ಕಿಮ್ಮತ್ತು

ಮಂದಿಯ ವಸ್ತುವಿಗೆ ಬೆಲೆ ಕಟ್ಟುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ನಂಬಲು ಕಾರಣವೂ ಇತ್ತು. ನಾನು ಸರ್ಕಾರಿ ಪಶುವೈದ್ಯ. ಜನ ದನದ ಡಾಕ್ಟರ್ ಅನ್ನುತ್ತಾರೆ, ನನಗೆ ಬೇಸರವಿಲ್ಲ. ಮೊದಲು ಜೇವರ್ಗಿ, ಆಮೇಲೆ ಅಫಜಲಪುರ, ಈಗ ಆಳಂದ, ಹೀಗೆ ಮೂರೂ ತಾಲ್ಲೂಕಿನ ಎಮ್ಮೆಗಳ ಬಾಯಿ ತೆರೆದು ಹಲ್ಲು ಎಣಿಸಿದವನು ನಾನು. ರೈತರು ಎಮ್ಮೆಗೆ ವಿಮೆ ಮಾಡಿಸಬೇಕಾದರೆ ಅದರ ಆರೋಗ್ಯ ನೋಡಿ, ಕಿವಿಗೆ ನಂಬರಿನ ಬಿಲ್ಲೆ ಹೊಡೆದು, ಇಂತಿಷ್ಟು ಬೆಲೆ ಎಂದು ಸರ್ಟಿಫಿಕೇಟ್ ಬರೆಯುವವನೂ ನಾನೇ. ಎಲ್ಲರೂ ಇನ್ನೊಂದಿಷ್ಟು ಹೆಚ್ಚಿಗೆ ಬರೆಯಿರಿ ಎನ್ನುತ್ತಾರೆ. ನಾನು ಬರೆಯುವುದಿಲ್ಲ. ನೆಲೋಗಿಯಲ್ಲಿ ನಾಗಮ್ಮ ಎಂಬ ಮುದುಕಿಯ ಎಮ್ಮೆಗೆ ಮೂವತ್ತೈದು ಸಾವಿರ ಬರೆದಾಗ ಆಕೆ ಎಮ್ಮೆಯ ಬೆನ್ನ ಮೇಲೆ ಕೈ ಇಟ್ಟುಕೊಂಡು, "ಸಾಹೇಬ್ರ, ನೀವು ಎಮ್ಮಿ ನೋಡೀರಿ, ಅದರ ಹಾಲು ಕುಡದಿಲ್ಲ" ಎಂದಿದ್ದಳು. "ಎಲ್ಲಾರೂ ಹಿಂಗ ಅಂತಾರಬೇ" ಎಂದು ನಾನು ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದ್ದೆ. ನ್ಯಾಯವಂತ ಅಧಿಕಾರಿ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡದ್ದೂ ನೆನಪಿದೆ.

ಅಂಥ ನಾನು ಒಂದು ಹಳೆಯ ಕಾರು ಕೊಂಡೆ.

ಕಾರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ "ನಮ್ಮ ಸೋದರಮಾವನ ಹತ್ತಿರವೂ ಅದೇ ಇತ್ತು" ಎಂದು ಶುರು ಮಾಡುತ್ತೀರಿ, ನನ್ನ ಕಥೆ ಅಲ್ಲೇ ನಿಲ್ಲುತ್ತದೆ. ಗುಂಡು ಮೂಗಿನ, ಕೆನೆ ಬಣ್ಣದ, ನನಗಿಂತ ಎರಡು ವರ್ಷ ಹಿರಿಯ ಕಾರು ಅಂದರೆ ಸಾಕು. ಜೇವರ್ಗಿ ಕಡೆಯ ಒಂದು ಹಳ್ಳಿಯಲ್ಲಿ ಹಳೆಯ ಪರಿಚಯದ ಗೌಡರ ಎತ್ತಿಗೆ ಹೊಟ್ಟೆ ಉಬ್ಬರಿಸಿದೆ ಎಂದು ಕರೆಸಿದ್ದರು. ಕೊಟ್ಟಿಗೆಯಲ್ಲಿ ಎತ್ತು ಮಲಗಿತ್ತು. ಅದರ ಪಕ್ಕದಲ್ಲಿ ಜೋಳದ ಚೀಲಗಳನ್ನು ಹೊತ್ತುಕೊಂಡು ಕಾರೂ ಮಲಗಿತ್ತು. ಎತ್ತು ಅರ್ಧ ತಾಸಿನಲ್ಲಿ ಎದ್ದು ನಿಂತಿತು. ನಾನು ಮಾತ್ರ ಕಾರಿನ ಮುಂದಿನಿಂದ ಏಳಲಿಲ್ಲ. ಗೌಡರು ಒಂದು ಲಕ್ಷ ಇಪ್ಪತ್ತು ಸಾವಿರ ಎಂದರು. ನಾನು ಚೌಕಾಸಿ ಕೂಡ ಮಾಡದೆ ಕೊಟ್ಟೆ. ಮನೆಗೆ ಬಂದು ಹೆಂಡತಿಗೆ ನಲವತ್ತು ಸಾವಿರ ಎಂದೆ.

ನನ್ನ ಹೆಂಡತಿ ಶಾರದಾ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಗಣಿತದವರಿಗೆ ತಪ್ಪು ಲೆಕ್ಕ ಹೇಳುವಾಗ ಇರಬೇಕಾದ ಎಚ್ಚರಿಕೆ ನನಗೆ ಆಗ ಇರಲಿಲ್ಲ. ಕಾರನ್ನು ಅಫಜಲಪುರದ ಮಿಸ್ತ್ರಿಯ ಹತ್ತಿರ ನಾಲ್ಕು ತಿಂಗಳು ಬಿಟ್ಟೆ. ಸಾಮಾನು ತರಲು ಸೊಲ್ಲಾಪುರಕ್ಕೆ ಆರು ಸಲ ಹೋದೆ. ಪ್ರತಿ ಸಲವೂ ಲಸಿಕೆಯ ಮೀಟಿಂಗ್ ಎಂದು ಹೇಳಿ ಹೋದೆ. ಬಿಲ್ಲುಗಳನ್ನೆಲ್ಲ ದವಾಖಾನೆಯ ಕಪಾಟಿನಲ್ಲಿ, 'ಕಾಲುಬಾಯಿ ಬೇನೆ' ಎಂದು ಬರೆದ ಹಳೆಯ ಫೈಲಿನಲ್ಲಿ ಇಟ್ಟೆ. ಆ ಫೈಲನ್ನು ಯಾರೂ ಮುಟ್ಟುವುದಿಲ್ಲ. ಗೆಳೆಯರ ಮುಂದೆ ಮಾತ್ರ, ಯಾರೋ ಪುಣೆಯವರು ಇದಕ್ಕೆ ಆರು ಲಕ್ಷ ಕೊಡುತ್ತೇನೆಂದರೂ ನಾನು ಕೊಡಲಿಲ್ಲ ಎಂದು ಹೇಳುತ್ತಿದ್ದೆ. ಹೀಗೆ ಒಂದೇ ಕಾರಿಗೆ ಮನೆಯಲ್ಲಿ ಒಂದು ಬೆಲೆ, ಪೇಟೆಯಲ್ಲಿ ಒಂದು ಬೆಲೆ, ಫೈಲಿನಲ್ಲಿ ಒಂದು ಬೆಲೆ ಆಯಿತು. ಮೂರೂ ಒಂದನ್ನೊಂದು ಭೇಟಿಯಾಗದ ಹಾಗೆ ನೋಡಿಕೊಳ್ಳುವುದಷ್ಟೇ ನನ್ನ ಕೆಲಸವಾಗಿತ್ತು.

ಅವುಗಳನ್ನು ಭೇಟಿ ಮಾಡಿಸಿದ್ದು ವಿಮೆ.

ವಿಮೆ ಇಲ್ಲದೆ ಕಾರು ರಸ್ತೆಗೆ ಇಳಿಯುವ ಹಾಗಿಲ್ಲ. ಶರಣಪ್ಪ ಎಂಬ ಪರಿಚಯದ ಏಜೆಂಟನನ್ನು ಮನೆಗೆ ಕರೆದೆ. ಅವನು ಚಹಾ ಕುಡಿಯುತ್ತ ವಿವರಿಸಿದ. "ಡಾಕ್ಟರ್ ಸಾಹೇಬ್ರ, ಥರ್ಡ್ ಪಾರ್ಟಿ ಅಂದ್ರ ನೀವು ಯಾರಿಗರೆ ಗುದ್ದಿದ್ರ ಅವರಿಗೆ ರೊಕ್ಕ ಸಿಗ್ತದ. ಫುಲ್ ಅಂದ್ರ ನಿಮ್ಮ ಗಾಡೀಗೂ ಸಿಗ್ತದ. ಹಳೀ ಗಾಡೀಗೆ ಕಂಪನಿಯವರು ಜಲ್ದಿ ಫುಲ್ ಕೊಡಂಗಿಲ್ರಿ. ಸರ್ವೇಯರ್ ಬಂದು ನೋಡಬೇಕು, ಕಿಮ್ಮತ್ತು ಎಷ್ಟು ಅಂತ ಇಬ್ಬರೂ ಒಪ್ಪಬೇಕು."

"ಥರ್ಡ್ ಪಾರ್ಟಿ ಸಾಕು," ಎಂದಳು ಶಾರದಾ ಅಡುಗೆ ಮನೆಯಿಂದಲೇ. "ನಲವತ್ತು ಸಾವಿರದ ಡಬ್ಬೀಗೆ ಫುಲ್ ಯಾಕ ಬೇಕ್ರಿ?"

ಲೆಕ್ಕಕ್ಕೆ ಅವಳ ಮಾತು ಸರಿಯೇ ಇತ್ತು. ನನಗೆ ಮಾತ್ರ ಅವತ್ತು ನಿದ್ದೆ ಬರಲಿಲ್ಲ. ನಾಳೆ ಕಡಗಂಚಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ತಾಗಿಸಿಕೊಂಡು ಹೋದರೆ ನನ್ನ ನಾಲ್ಕು ತಿಂಗಳು, ಸೊಲ್ಲಾಪುರದ ಆರು ಮೀಟಿಂಗುಗಳು, ಎಲ್ಲ ಮಣ್ಣುಪಾಲು. ಮರುದಿನ ಶಾರದಾ ಶಾಲೆಗೆ ಹೋದ ಮೇಲೆ ಶರಣಪ್ಪನಿಗೆ ಫೋನ್ ಮಾಡಿ, ಫುಲ್ ಮಾಡಿಸು, ಸರ್ವೇಯರನ್ನು ಅವಳು ಇಲ್ಲದಾಗ ಕಳಿಸು ಎಂದೆ. ಅವನು ಆಗಲಿ ಎಂದ. ಸರ್ವೇಯರ್ ಬಂದದ್ದು ಭಾನುವಾರ.

ಬಂದವರು ಕಲಬುರಗಿಯ ಒಬ್ಬ ತರುಣಿ. ನಾವು ಆಗಷ್ಟೇ ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದು ಕೂತಿದ್ದೆವು. ಬೇವಿನ ಮರದ ಕೆಳಗೆ ನಿಲ್ಲಿಸಿದ್ದ ಕಾರನ್ನು ಆಕೆ ಸುತ್ತು ಹಾಕಿ ನಾಲ್ಕೂ ಕಡೆ ಫೋಟೊ ತೆಗೆದರು. ಬಾನೆಟ್ ಎತ್ತಿ, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡರು. ಕಾರಿಗೂ ಕಿವಿ ಬಿಲ್ಲೆ ಇರುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ನಾನು ಎಮ್ಮೆಯ ಮಾಲೀಕರ ಹಾಗೆ ಒಂದು ಕೈ ಬಾನೆಟ್ಟಿನ ಮೇಲೆ ಇಟ್ಟುಕೊಂಡು ನಿಂತಿದ್ದೆ.

"ಕಿಮ್ಮತ್ತು ಎಷ್ಟು ಬರ್ಕೊಳ್ಳಲಿ ಸರ್?" ಎಂದರು.

ನಾನು ಬಾಯಿ ತೆರೆಯುವುದರೊಳಗೆ ಶಾರದಾ ಚಹಾ ಹಿಡಿದು ಬಂದಳು. "ನಲವತ್ತು ಸಾವಿರ ಬರ್ಕೊಳ್ರಿ."

"ನಲವತ್ತು ಸಾವಿರಕ್ಕ ಫುಲ್ ಮಾಡಿಸಿ ಏನ್ ಮಾಡ್ತೀರಿ ಮೇಡಂ? ಇದರ ಬಣ್ಣಕ್ಕ ಅದಕ್ಕಿಂತ ಹೆಚ್ಚಿಗಿ ಖರ್ಚ ಆಗೇದ."

ಶಾರದಾ ಕಾರಿನ ಬಣ್ಣ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಬೇವಿನ ಮರ ನೋಡಿದೆ.

"ಕಾಗದ ಇಲ್ಲಂದ್ರ ನಾ ಅರವತ್ತು ಸಾವಿರದ ಮ್ಯಾಲ ಬರಿಯಾಕ ಬರಂಗಿಲ್ರಿ," ಎಂದರು ಸರ್ವೇಯರ್. ಅರವತ್ತು ಸಾವಿರ ಎಂಬ ಮಾತು ಕೇಳಿ ನಾನು ಬಾನೆಟ್ಟನ್ನು ಒಮ್ಮೆ ಸವರಿದೆ. "ಮೇಡಂ, ನೀವು ಗಾಡಿ ನೋಡೀರಿ ಖರೇ, ಅದರಾಗ ಕೂತು ಒಂದು ಸುತ್ತು ಹೋಗಿಲ್ಲ," ಎಂದೆ.

"ಎಲ್ಲಾರೂ ಹಿಂಗ ಅಂತಾರ್ರಿ ಸರ್," ಎಂದು ಆಕೆ ನಕ್ಕರು.

ನೆಲೋಗಿಯ ನಾಗಮ್ಮ ಇದನ್ನು ಕೇಳಿದ್ದರೆ ಎಷ್ಟು ಸಂತೋಷಪಡುತ್ತಿದ್ದಳೋ. ಆ ಎಮ್ಮೆಗೆ ಇನ್ನು ಐದು ಸಾವಿರ ಹೆಚ್ಚು ಬರೆದಿದ್ದರೂ ತಪ್ಪಾಗುತ್ತಿರಲಿಲ್ಲ ಎಂದು, ಇಷ್ಟು ವರ್ಷದ ಮೇಲೆ, ಸ್ವಂತ ಕಾರಿನ ಪಕ್ಕದಲ್ಲಿ ನಿಂತು ನನಗೆ ಅನ್ನಿಸಿತು. ಆದರೆ ಪಶ್ಚಾತ್ತಾಪಪಡಲು ಅದು ಸಮಯವಾಗಿರಲಿಲ್ಲ. ಸರ್ವೇಯರ್ ಮುಂದುವರಿಸಿದರು. "ಖರೀದಿ ಕಾಗದ, ರಿಪೇರಿ ಬಿಲ್ ಏನರೆ ಇದ್ರ ತೋರಸ್ರಿ. ಅದರ ಪ್ರಕಾರ ಬರಿತೇನಿ."

ಈಗ ನನ್ನ ಮುಂದೆ ಎರಡೇ ದಾರಿ. ಬಿಲ್ಲು ಇಲ್ಲ ಎಂದರೆ ಕಾರು ಅಗ್ಗವಾಗುತ್ತದೆ. ಇದೆ ಎಂದರೆ ನಾನು ಅಗ್ಗವಾಗುತ್ತೇನೆ. ಕಾರಿನ ಕೆನೆ ಬಣ್ಣದ ಮೇಲೆ ಬೇವಿನ ಎಲೆಯ ನೆರಳು ಆಡುತ್ತಿತ್ತು.

"ಬಿಲ್ ಅದಾವ್ರಿ," ಎಂದೆ. "ದವಾಖಾನ್ಯಾಗ ಅವ."

"ಮನೀ ಕಾರಿನ ಬಿಲ್ ದನದ ದವಾಖಾನ್ಯಾಗ ಯಾಕ ಅವ?" ಎಂದಳು ಶಾರದಾ. ಅವಳ ದನಿ ತಣ್ಣಗಿತ್ತು. ಪರೀಕ್ಷೆಯ ಕೋಣೆಯಲ್ಲಿ ಹುಡುಗರ ಹತ್ತಿರ ಚೀಟಿ ಸಿಕ್ಕಾಗ ಇದೇ ದನಿಯಿರುತ್ತದೆ ಎಂದು ಅವಳ ಸಹೋದ್ಯೋಗಿಗಳು ಹೇಳಿದ್ದರು.

ನಾನು ಹೋಗಿ ಫೈಲು ತಂದೆ. ಶಾರದಾ ಅದರ ಮೇಲಿನ ಹೆಸರನ್ನು ಓದಿ, ಕಟ್ಟೆಯ ಮೇಲೆ ಕೂತು ಒಂದೊಂದೇ ಬಿಲ್ಲು ತಿರುವಿದಳು. ಲೆಕ್ಕ ಕೂಡಿಸಲು ಕಾಗದ, ಪೆನ್ನು ಯಾವುದೂ ಅವಳಿಗೆ ಬೇಕಿಲ್ಲ. ಎರಡು ಸಲ ಮಾತ್ರ ಕೈ ನಿಲ್ಲಿಸಿದಳು. ಮೊದಲನೆಯದು ಗೌಡರ ಖರೀದಿ ಕಾಗದದ ಮೇಲೆ. ಎರಡನೆಯ ಸಲ, "ಸೊಲ್ಲಾಪುರ ಮಹಾರಾಷ್ಟ್ರದಾಗ ಅದ," ಎಂದಳು. "ಅಲ್ಲಿ ನಿಮಗ ಎಂಥಾ ಲಸಿಕಿ ಮೀಟಿಂಗು? ಇದು ನನಗ ಅವತ್ತs ಹೊಳೀಬೇಕಾಗಿತ್ತು."

ಸರ್ವೇಯರ್ ಚಹಾದ ಕಪ್ಪಿನೊಳಗೆ ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಎರಡು ಲಕ್ಷ ಹನ್ನೊಂದು ಸಾವಿರದ ನಾನೂರು," ಎಂದು ಶಾರದಾ ಫೈಲು ಮುಚ್ಚಿದಳು. ಈಗ ಮಾತು ಬೀಳುತ್ತದೆ ಎಂದು ನಾನು ತಲೆ ಬಗ್ಗಿಸಿದೆ. ಆದರೆ ಅವಳು ತಿರುಗಿದ್ದು ಸರ್ವೇಯರ್ ಕಡೆಗೆ. "ಇಷ್ಟೂ ಬರ್ಕೊಳ್ರಿ."

"ಎರಡು ಲಕ್ಷ ಬರಿತೇನ್ರಿ ಮೇಡಂ."

"ಉಳದದ್ದು ಎಲ್ಲಿ ಹೋತ್ರಿ?"

"ಅದರಾಗ ಒಂಬತ್ತು ಸಾವಿರ ಸೀಟಿನ ಮಖಮಲ್ಲಿಂದು ಅದರಿ. ಅದೆಲ್ಲಾ ಲೆಕ್ಕಕ್ಕ ಬರಂಗಿಲ್ಲ."

"ಮಖಮಲ್ ಹಾಕಿಸಿದವ್ರು ಇವ್ರು, ಖರೇ. ಆದ್ರ ರೊಕ್ಕ ಈ ಮನೀದ್ರಿ," ಎಂದಳು ಶಾರದಾ. ಕಾಲು ತಾಸು ಇಬ್ಬರೂ ಎಳೆದಾಡಿದರು. ಮೊನ್ನೆ ಡಬ್ಬಿ ಎನ್ನಿಸಿಕೊಂಡಿದ್ದ ಕಾರಿನ ಇಂಜಿನ್ನು, ಹಿತ್ತಾಳೆಯ ಹಿಡಿಕೆಗಳು, ಒಡೆಯದ ಗಾಜು, ಎಲ್ಲದರ ಗುಣಗಾನವನ್ನು ಅವಳ ಬಾಯಿಂದ ಕೇಳಿದೆ. ಕೊನೆಗೆ ಎರಡು ಲಕ್ಷ ಐದು ಸಾವಿರಕ್ಕೆ ಮಾತು ಮುಗಿಯಿತು. ವಿಮೆಯ ಕಂತನ್ನು ಶಾರದಾ ತನ್ನ ಖಾತೆಯಿಂದಲೇ, ಫೋನಿನಲ್ಲಿ, ನನ್ನ ಕಣ್ಣೆದುರಿಗೇ ಕಟ್ಟಿದಳು.

ಸರ್ವೇಯರ್ ಹೋದ ಮೇಲೆ ಅವಳು ಜಗಳವಾಡಲಿಲ್ಲ. ಎರಡು ದಿನ ಅಳತೆ ಮಾಡಿ ಮಾತಾಡಿದಳು, ಅಷ್ಟೆ. ಮೂರನೆಯ ದಿನ ಊಟಕ್ಕೆ ಬಡಿಸುತ್ತ, "ನನಗ ಕೇಳಿದ್ರ ನಾ ಬ್ಯಾಡ ಅಂತಿದ್ನೇನು?" ಎಂದಳು.

"ಅಂತಿದ್ದಿ," ಎಂದೆ.

ಅವಳು ಸ್ವಲ್ಪ ಯೋಚಿಸಿದಳು. "ಹೌದು, ಅಂತಿದ್ದೆ. ಆದ್ರೂ ಕೇಳಬೇಕಾಗಿತ್ತು." ಇನ್ನು ಮುಂದೆ ಕೇಳುತ್ತೇನೆ ಎಂದೆ. ಅವಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಕಾರಿನ ಕೀಲಿಯನ್ನು ಮಾತ್ರ ಅವತ್ತಿನಿಂದ ತನ್ನ ಪರ್ಸಿನಲ್ಲೇ ಇಟ್ಟುಕೊಂಡಳು.

ಪಾಲಿಸಿ ಕೈಗೆ ಬಂದ ವಾರಕ್ಕೆ ಜಿಡಗಾ ಮಠಕ್ಕೆ ಹೋಗಿ ಬರೋಣ ಎಂದು ಅವಳೇ ಹೊರಡಿಸಿದಳು. ಇಳಕಲ್ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಳು. ಕಾರು ಹೊರಗೆ ಬರಬೇಕಾದರೆ ಅಡ್ಡ ನಿಂತಿದ್ದ ನನ್ನ ಬೈಕನ್ನು ತೆಗೆಯಬೇಕು. ಖುಷಿಯಲ್ಲಿದ್ದೆ, ಅದು ಗೇರಿನಲ್ಲಿದೆಯೋ ಇಲ್ಲವೋ ನೋಡದೆ ಸ್ಟಾರ್ಟ್ ಬಟನ್ ಒತ್ತಿದೆ. ಬೈಕು ಕುದುರೆಯ ಹಾಗೆ ಮುಂದಕ್ಕೆ ಜಿಗಿದು, ನನ್ನನ್ನೂ ಕರೆದುಕೊಂಡು ಹೋಗಿ, ಕಾರಿನ ಎಡಗಡೆಯ ಬಾಗಿಲಿಗೆ ಗುದ್ದಿತು. ನನಗೆ ಮೊಣಕಾಲು ತರಚಿತು. ಬಾಗಿಲಿನಲ್ಲಿ ಒಂದು ಹೋಳಿಗೆಯಷ್ಟು ಅಗಲದ ತಗ್ಗು ಬಿತ್ತು. ಅವತ್ತು ಜಿಡಗಾಕ್ಕೆ ಬಸ್ಸಿನಲ್ಲಿ ಹೋದೆವು.

ಕ್ಲೇಮಿನ ಅರ್ಜಿ ತುಂಬಿದವಳು ಶಾರದಾ. ನಾನು ಹೇಳುತ್ತ ಹೋದೆ, ಅವಳು ದುಂಡಗಿನ ಅಕ್ಷರದಲ್ಲಿ ಬರೆಯುತ್ತ ಹೋದಳು. ನಾಲ್ಕು ದಿನಕ್ಕೆ ಅದೇ ಸರ್ವೇಯರ್ ಮತ್ತೆ ಬಂದರು. ತಗ್ಗಿನ ಫೋಟೊ ತೆಗೆದು, ಅರ್ಜಿ ಓದುತ್ತ ಹುಬ್ಬು ಗಂಟಿಕ್ಕಿದರು.

"ಮೇಡಂ, ಒಂದು ಹೆಸರು ತಪ್ಪಾಗೇದ ಅನಸ್ತದ. ಮಾಲೀಕರ ಕಾಲಮಿನಾಗ ಬರದ ಹೆಸರs ಗುದ್ದಿದವರ ಕಾಲಮಿನಾಗೂ ಅದ. ಗುದ್ದಿದ ಮನಷ್ಯಾ ಸಿಕ್ಕಾನೇನ್ರಿ?"

"ಸಿಕ್ಕಾನ್ರಿ," ಎಂದಳು ಶಾರದಾ. "ಇಪ್ಪತ್ತೆರಡು ವರ್ಷದಿಂದ ಇಲ್ಲೇ ಅದಾನ."

ಚಹಾದ ತಟ್ಟೆ ಹಿಡಿದು ನಿಂತಿದ್ದ ನಾನು, ಬೇರೆ ಯಾರ ಮೇಲೂ ಸಂಶಯ ಬರಬಾರದೆಂದು, ಒಂದು ಹೆಜ್ಜೆ ಮುಂದೆ ಬಂದೆ.