ಕೆಳಗಿನ ಮನೆಯಾಕೆಗಿಂತ ಮೊದಲು ಸಮುದ್ರ

ಹೊಟ್ಟೆಕಿಚ್ಚಿಗೆ ವೀಸಾ ಬೇಕಾಗಿಲ್ಲ. ಗಂಡ, ಮಗಳ ಜೊತೆ ನಾನು ಧಾರವಾಡದಿಂದ ಜರ್ಮನಿಯ ಹನೋವರ್‌ಗೆ ಬಂದಿಳಿದಾಗ ಅದೂ ನನ್ನ ಜೊತೆಗೇ ಇಳಿಯಿತು. ಸ್ವಲ್ಪ ದಿನಕ್ಕೇ ಕೆಳಗಿನ ಮನೆಗೆ ಮೈಸೂರಿನ ದಂಪತಿ ಬಂದರು. ಆಮೇಲೆ ನಮ್ಮ ಮೆಟ್ಟಿಲ ಮೇಲೆ ಒಂದಿಲ್ಲೊಂದು ನಡೆಯುತ್ತಲೇ ಇತ್ತು.

ಕಾರ್ಡು

ಮೈಸೂರಿನಾಕೆಯ ಗಂಡ ಸಾಫ್ಟ್‌ವೇರ್. ನನ್ನ ಗಂಡ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರ್. ಆಗ ಪೇಪರು, ಟಿವಿ ಎಲ್ಲದರಲ್ಲೂ ಇಲ್ಲಿನ ಸರ್ಕಾರ ಹೊಸದಾಗಿ ತಂದ ಗ್ರೀನ್ ಕಾರ್ಡಿನ ಸುದ್ದಿಯೇ, ಅದೂ ಸಾಫ್ಟ್‌ವೇರಿನವರಿಗೆ ಮಾತ್ರ. ಕನ್ನಡದವರು ಊಟಕ್ಕೆ ಸೇರಿದಾಗ ಆಕೆ "ನಮ್ಮೋರು ಗ್ರೀನ್ ಕಾರ್ಡಲ್ಲಿ ಬಂದಿದ್ದು" ಅಂದರೆ ಸಾಕು, ಎಲ್ಲರೂ ಸರಿದು ಕೂರಲು ಜಾಗ ಕೊಡುತ್ತಿದ್ದರು. ನಮ್ಮವರದು ಪಾಸ್‌ಪೋರ್ಟಿಗೆ ಅಂಟಿಸಿದ ಬರೀ ಒಂದು ಚೀಟಿ. ಅದಕ್ಕೆ ಯಾರು ಜಾಗ ಕೊಡುತ್ತಾರೆ?

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ಒಮ್ಮೆ ತೋರಸ್ರಿ, ಹೆಂಗಿರ್ತದ ನೋಡ್ತೀನಿ."

ಆಕೆ ಒಳಗಿನಿಂದ ತಂದದ್ದು ಪಾಸ್‌ಪೋರ್ಟು. ಅದರಲ್ಲೂ ನಮ್ಮದರಂಥದೇ ಚೀಟಿ.

"ಇದರಾಗ ಕಾರ್ಡ್ ಎಲ್ಲದರೀ?"

"ಕಾರ್ಡೂ ಇಲ್ಲ, ಗ್ರೀನೂ ಇಲ್ಲ ಕಣ್ರೀ. ಹೆಸರು ಮಾತ್ರ ಹಾಗೆ."

ಅಲ್ಲಿಗೆ ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಇಲ್ಲದ ಕಾರ್ಡಿಗೇ ಇಷ್ಟು ಮರ್ಯಾದೆ ಸಿಗುತ್ತದಲ್ಲ ಅಂತ ಇನ್ನಷ್ಟು ಉರಿಯಿತು.

ಮೇರ್

ಆ ಬೇಸಿಗೆಯಲ್ಲಿ ಆಕೆ ಒಂದು ಫೋಟೊ ಹಿಡಿದು ಮೇಲೆ ಬಂದಳು. ಕಣ್ಣು ಹಾಯುವವರೆಗೂ ನೀರು, ಮುಂದೆ ಆಕೆ, ತಲೆಗೆ ಟೊಪ್ಪಿಗೆ. "ಸ್ಟೈನ್‌ಹೂಡರ್ ಮೇರ್‌ಗೆ ಹೋಗಿದ್ವಿ. ಮೇರ್ ಅಂದ್ರೆ ಸಮುದ್ರ, ಗೊತ್ತಲ್ವಾ?"

ಗೊತ್ತಿತ್ತು. ಅದಕ್ಕೇ ಅಂದು ಊಟ ಸೇರಲಿಲ್ಲ. ಇಲ್ಲಿನ ಶಾಲೆಯಲ್ಲಿ ಓದುತ್ತಿದ್ದ ಮಗಳು ಯಾಕೆಂದು ಕೇಳಿದಳು. ಹೇಳಿದೆ.

"ನೈನ್, ಅಲ್ಲ ಮಮ್ಮಿ! ಹೆಸರಷ್ಟೇ ಮೇರ್. ಅದು ಲೇಕು. ನಾವು ಸ್ಕೂಲಿಂದ ಹೋಗಿದ್ವಿ, ಅದರಾಗ ನಿಂತ್ಕೋಬಹುದು."

ನಮ್ಮ ಕೆಲಗೇರಿ ಕೆರೆಗೆ ಹೋಗಿಬಂದು ಸಮುದ್ರ ನೋಡಿದೆ ಅಂದ ಹಾಗಾಯಿತು! ಕೂಡಲೇ ಎರಡು ಸಲ ಅನ್ನ ಬಡಿಸಿಕೊಂಡೆ. ನಿಜವಾದ ಸಮುದ್ರದ ಮುಂದೆ ನಾನು ಮೊದಲು ನಿಲ್ಲಬೇಕು, ಆ ಫೋಟೊ ದೀಪಾವಳಿ ಊಟದಲ್ಲಿ ಎಲ್ಲರ ಕೈಗೆ ಹೋಗಬೇಕು ಅಂತ ಅಲ್ಲೇ ನಿಶ್ಚಯ ಮಾಡಿದೆ.

ಎಲ್ಬೆ ನದಿ ಸಮುದ್ರ ಸೇರುವ ಕಡೆ ಗದ್ದಲವಿಲ್ಲದ ಒಂದು ಬೀಚ್ ಇದೆ ಅಂತ ನನ್ನ ಗಂಡನಿಗೆ ಯಾರೋ ಹೇಳಿದರು. ಹೊರಡುವ ಹಿಂದಿನ ದಿನ ಅವರು ನಗುನಗುತ್ತಾ ಬಂದರು. "ರೈಲಿನ ವೀಕೆಂಡ್ ಟಿಕೀಟು ಐದು ಮಂದೀದು. ನಾವು ಮೂರ ಮಂದಿ. ಸುಮ್ಮನ ದಂಡ ಆಗ್ತದ ಅಂತ ಕೆಳಗಿನವರಿಗೂ ಬರ್ರಿ ಅಂದೇನಿ."

ಟ್ಯಾಕ್ಸಿ

ಸ್ಟೇಷನ್ನಿನಿಂದ ಬೀಚಿನ ದಾರಿಯಲ್ಲಿ ಒಂದು ಗೂಡಂಗಡಿಯಂಥದು. ಮೇಲೆ ದೊಡ್ಡದಾಗಿ "ಕೂರ್‌ಟಾಕ್ಸೆ" ಅಂತ ಬರೆದಿತ್ತು. ನಮ್ಮವರು ಹೋಗಿ ಐದು ಜನರ ಚೀಟಿ ತಂದರು. "ಟ್ಯಾಕ್ಸಿ ಆತು. ಇಲ್ಲೇ ನಿಂದರ್ರಿ, ಬರ್ತದ."

ಬುತ್ತಿಯ ಚೀಲ ಇಟ್ಟುಕೊಂಡು ಸಾಲಾಗಿ ನಿಂತೆವು. ಮೈಸೂರಿನಾಕೆ ತನ್ನ ಗಂಡನನ್ನು ನೋಡಿದಳು, ಆಮೇಲೆ ನನ್ನ ಗಂಡನನ್ನು. "ನಿಮ್ಮೋರು ಎಷ್ಟು ಚುರುಕು ಕಣ್ರೀ! ನಮ್ಮೋರಾಗಿದ್ರೆ ನಡೆಸೇಬಿಡೋರು."

ನನ್ನನ್ನು ಕಂಡು ಆಕೆಗೆ ಹೊಟ್ಟೆಕಿಚ್ಚಾಗಿತ್ತು! ಟ್ಯಾಕ್ಸಿ ಎಷ್ಟು ತಡವಾಗಿ ಬಂದರೂ ಆಗಲಿ ಅನ್ನಿಸಿತು. ಬಹಳ ತಡವಾಯಿತು. ಬುತ್ತಿಯ ಅರ್ಧ ಅಲ್ಲೇ ಖಾಲಿಯಾಯಿತು. ಕೊನೆಗೆ ಊಟಕ್ಕೆ ಬಾಗಿಲು ಹಾಕುತ್ತಿದ್ದ ಗೂಡಂಗಡಿಯ ಹೆಂಗಸು ಬಂದು ಏನೋ ಕೇಳಿದಳು. ಮಗಳು ಮಾತಾಡಿ ನಮ್ಮ ಕಡೆ ತಿರುಗಿದಳು.

"ಪಪ್ಪಾ, ಟ್ಯಾಕ್ಸಿ ಅಲ್ಲ, ಟ್ಯಾಕ್ಸು. ಬೀಚಿನಾಗ ನಡಿಯೋದಕ್ಕ ಕಟ್ಟೋದಂತ."

ನಡೆದೆವು.

ವಾಟ್

ಬೀಚಿಗೂ ನಮಗೂ ನಡುವೆ ಹುಲ್ಲು ಬೆಳೆದ ಉದ್ದನೆಯ ಮಣ್ಣಿನ ಏರಿ. ನಾನು ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದೆ. ಮೈಸೂರಿನಾಕೆಯನ್ನು ಹಿಂದೆ ಹಾಕಿ ಮೊದಲು ಹತ್ತಿ ನೋಡುತ್ತೇನೆ, ಸಮುದ್ರವೇ ಇಲ್ಲ!

ಎತ್ತ ನೋಡಿದರೂ ಬೂದು ಬಣ್ಣದ ಕೆಸರು. ಬಲಕ್ಕೆ ದೂರದಲ್ಲಿ ನದಿಯ ಪಾತ್ರದಲ್ಲಷ್ಟೇ ನೀರು. ಜನ ಅಂದರೆ ನಾಯಿ ಹಿಡಿದ ಒಬ್ಬ ಮುದುಕ. ಸಮುದ್ರ ಬೆಳಿಗ್ಗೆ ಇತ್ತು, ಈಗ ಇಳಿದು ಹೋಗಿದೆ, ಸಂಜೆಗೆ ಬರುತ್ತದೆ ಅಂದ, ಮನೆಯವರು ಪೇಟೆಗೆ ಹೋಗಿದ್ದಾರೆ ಅನ್ನುವ ಹಾಗೆ. ಸಂಜೆಗೆ ನಮ್ಮ ಟ್ರೇನಿತ್ತು. ಟ್ಯಾಕ್ಸಿಗೆ ಕಾಯದೆ ಬಂದಿದ್ದರೆ ಸಮುದ್ರ ಸಿಗುತ್ತಿತ್ತು.

"ನಿಮ್ಮ ಸಮುದ್ರದಲ್ಲಿ ನೀರೇ ಇಲ್ವಲ್ರೀ!" ಅಂದಳು ಮೈಸೂರಿನಾಕೆ. "ನಮ್ಮ ಕೆರೇಲಿ ನೀರಾದ್ರೂ ಇತ್ತು." ಕೆರೆ ಅಂತ ಆಕೆಗೆ ಮೊದಲೇ ಗೊತ್ತಿತ್ತು!

ಸಿಟ್ಟಿನಲ್ಲಿ ಕೆಸರಿಗೇ ಇಳಿಯಹೋದೆ. ನಮ್ಮವರು ರಟ್ಟೆ ಹಿಡಿದು ಎಳೆದರು. "ಕಾಲ ಇಡಬ್ಯಾಡ! ಕರೆಂಟ್ ಅದ!" ಅಲ್ಲಿ ನೆಟ್ಟಿದ್ದ ಬೋರ್ಡಿನಲ್ಲಿ ಪ್ರಾಣಾಪಾಯ ಅಂತ ಬರೆದು ಕೆಳಗೆ "ವಾಟ್" ಅಂತಿತ್ತು. ಎಷ್ಟು ವಾಟ್ ಅಂತ ಯಾಕೆ ಬರೆದಿಲ್ಲ ಅಂತ ಇಂಜಿನಿಯರೂ ಸಾಫ್ಟ್‌ವೇರೂ ಚರ್ಚೆಗೆ ನಿಂತರು. ಅಷ್ಟರಲ್ಲಿ ಮಗಳು ಮೊಣಕಾಲವರೆಗೆ ಕೆಸರಿನಲ್ಲಿದ್ದಳು. "ಪಪ್ಪಾ, ಈ ಕೆಸರಿಗೇ ವಾಟ್ ಅಂತಾರ."

ಬಂದ ಮೇಲೆ ಫೋಟೊ ಬಿಡಲಾದೀತೇ? ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದೆ, ಮಗಳ ಕೈಯಿಂದ ಬಿದ್ದ ಟೊಪ್ಪಿಗೆ ಎತ್ತಲು ಬಗ್ಗಿದೆ, ನಮ್ಮವರು ಆಗಲೇ ಕ್ಲಿಕ್ ಮಾಡಿದರು. ಆಮೇಲೆ ಮೈಸೂರಿನಾಕೆ "ನಂದು ನೀವೇ ತೆಗೀರಿ, ಚೆನ್ನಾಗಿ ತೆಗೀತೀರಿ" ಅಂತ ನನ್ನ ಕೈಗೆ ಕ್ಯಾಮೆರಾ ಕೊಟ್ಟು ಬಲಗಡೆ ಹೋಗಿ ನಿಂತಳು.

ದೀಪಾವಳಿ ಊಟದಲ್ಲಿ ಎರಡೂ ಫೋಟೊ ಕೈಯಿಂದ ಕೈಗೆ ಹೋದವು. ಆಕೆಯ ಫೋಟೊದಲ್ಲಿ ಹಿಂದೆ ನದಿಯ ನೀರು, ನೀರಿನಲ್ಲಿ ಒಂದು ಭಾರಿ ಹಡಗು. "ಅಬ್ಬಾ, ಸಮುದ್ರ!" ಅಂತ ಎಲ್ಲರೂ ಸರಿದು ಆಕೆಗೆ ಜಾಗ ಕೊಟ್ಟರು. ತೆಗೆದದ್ದು ನಾನು!

ನನ್ನ ಫೋಟೊ ಕೊನೆಗೆ ತನ್ನ ಮಗಳ ಬಾಣಂತನಕ್ಕೆ ಬಂದಿದ್ದ ಮಂಡ್ಯದ ಅಜ್ಜಿಯ ಕೈಗೆ ಹೋಯಿತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನನ್ನನ್ನು ಬಹಳ ಪ್ರೀತಿಯಿಂದ ನೋಡಿತು.

"ಯಾವಾಗ್ ಹೋಗಿದ್ದವ್ವ ಊರ್ಗೆ? ನಾಟಿ ಎಂಗಾಯ್ತು?"

ಮೈಸೂರಿನಾಕೆ ನನ್ನನ್ನೇ ನೋಡುತ್ತಿದ್ದಳು.

"ಆತ್ರಿ ಅಜ್ಜಿ," ಅಂದೆ. "ಈ ಸಲ ನೀರು ಕಡಿಮಿ."