ಮುಚ್ಚಳ ಬರುವ ತನಕ

ಇರಲಾರದವನು ಇರುವೆ ಬಿಟ್ಟುಕೊಂಡ ಎನ್ನುತ್ತಾರೆ. ಈ ಗಡಿಯಾರ ರಿಪೇರಿಯವನು ಇರುವೆಗೆ ತೃಪ್ತನಾಗದೆ ಮನೆಯೊಳಕ್ಕೆ ಸಮುದ್ರವನ್ನೇ ಬಿಟ್ಟುಕೊಂಡಿದ್ದ. ಕಟ್ಟಡದವರು ಅವನಿಗೆ ಸಮುದ್ರರಾಯ ಎಂದೇ ಹೆಸರಿಟ್ಟಿದ್ದರು. ಕಿಟಕಿಯ ಪಕ್ಕ ಗಾಜಿನ ತೊಟ್ಟಿ, ಅದರೊಳಗೆ ಉಪ್ಪುನೀರು, ತೂತುತೂತಾದ ಸಮುದ್ರದ ಕಲ್ಲುಗಳು, ಕಲ್ಲಿನ ಮೇಲೆ ಜೀವಂತ ಹವಳ, ಬೆರಳುದ್ದದ ಒಂದು ನೀಲಿ ಮೀನು. ಉಗುರಿನಿಂದ ಗಾಜಿಗೆ ಟಕ್ ಟಕ್ ಅಂದರೆ ಸಾಕು, ಆ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿತ್ತು. ಅವನೇ ಕಲಿಸಿದ ಪಾಠ.

ಮೊದಲು ಆರು ಮೀನುಗಳಿದ್ದವು. ಐದು ಒಂದೊಂದಾಗಿ ಮಾಯವಾದವು. ಮೀನು ಕಾಣೆಯಾದಾಗಲೆಲ್ಲ ತೊಟ್ಟಿಯ ಮುಂದಿನ ಸ್ಟೂಲಿನ ಮೇಲೆ ಕೆಳಮನೆ ದೊಡ್ಡಮ್ಮನ ಬೂದು ಬೆಕ್ಕು ಕೂತಿರುತ್ತಿತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಐದನೆಯದು ಹೋದ ದಿನ ಸಮುದ್ರರಾಯ ಮೆಟ್ಟಿಲ ಮೇಲೆ ನಿಂತು, ಕಟ್ಟಡಕ್ಕೆಲ್ಲ ಕೇಳಿಸುವಂತೆ, ಬೆಕ್ಕನ್ನು ಕಳ್ಳ ಎಂದ, ಕೊಲೆಗಾರ ಎಂದ, ಸಾಕಿದವರನ್ನೂ ಬಿಡಲಿಲ್ಲ. "ತೊಟ್ಟಿಗೆ ಮುಚ್ಚಳ ಇದೆಯಲ್ಲಪ್ಪಾ" ಎಂದು ದೊಡ್ಡಮ್ಮ ಮೆಲ್ಲಗೆ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಮಾರನೆಯ ದಿನ ಆಕೆ ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೋಗಿ ತಂಗಿಯ ಮನೆಯಲ್ಲಿ ಬಿಟ್ಟು ಬಂದಳು. ವಾಪಸು ಬರುವಾಗ ಖಾಲಿ ಬುಟ್ಟಿಯನ್ನು ಎದೆಗೆ ಒತ್ತಿಕೊಂಡಿದ್ದಳು.

ಇವತ್ತಿನ ರಗಳೆಗೆ ಕಾರಣ ಹೆಂಡತಿಯ ಒಂದೇ ಮಾತು.

"ನೋಡ್ರೀ, ಪಾಠ ಒಪ್ಪಿಸದ ಹುಡುಗನ ಥರ ಮೀನು ಗೋಡೆ ನೋಡ್ಕೊಂಡು ನಿಂತಿದೆ. ಜಾಗ ಸಾಲ್ತಿಲ್ಲ ಅದಕ್ಕೆ."

ಅಷ್ಟೇ. ಇವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮೊದಲಿನದರ ಎರಡರಷ್ಟು ದೊಡ್ಡ ತೊಟ್ಟಿ ಮನೆಗೆ ಬಂತು. ಮುಚ್ಚಳ ಮಾತ್ರ ಬರಲಿಲ್ಲ. "ಅಳತೆ ಸ್ವಲ್ಪ ಹೆಚ್ಚುಕಮ್ಮಿ ಆಯ್ತು ಸಾರ್, ಸಾಯಂಕಾಲದೊಳಗೆ ತರ್ತೀನಿ" ಎಂದ ಗಾಜಿನ ಅಂಗಡಿಯವನು. ಬುದ್ಧಿ ಇದ್ದವನಾಗಿದ್ದರೆ ಕಾಯುತ್ತಿದ್ದ. ಇವನು ಬೆಳಿಗ್ಗೆಯೇ ಅಂಗಿಯ ತೋಳು ಮಡಿಚಿದ.

ಕೆಲಸ ಸುಲಭದ್ದಲ್ಲ. ಹೊಸ ಉಪ್ಪುನೀರನ್ನು ಹಿಂದಿನ ದಿನವೇ ಡ್ರಮ್ಮಿನಲ್ಲಿ ಕಲಸಿ, ಹಳೆಯ ನೀರಿನಷ್ಟೇ ಉಪ್ಪು, ಅಷ್ಟೇ ಬಿಸಿ ಇರುವಂತೆ ನೋಡಿಕೊಂಡಿರಬೇಕು. ಹಳೆಯ ನೀರನ್ನು ಚೆಲ್ಲದೆ ಬಕೆಟ್ಟುಗಳಿಗೆ ಹಿಡಿಯಬೇಕು. ಕಲ್ಲು, ಹವಳ ಅದರಲ್ಲೇ ಮುಳುಗಿರಬೇಕು. ತಳದ ಮರಳನ್ನು ಕದಡಕೂಡದು, ಕದಡಿದರೆ ಕೊಳಕೆಲ್ಲ ಮೇಲೆದ್ದು ಮೀನು ಸಾಯುತ್ತದೆ. ಇಷ್ಟೆಲ್ಲ ಗೊತ್ತಿದ್ದರೂ ಒಂದು ಗೊತ್ತಿರಲಿಲ್ಲ: ಬಾಗಿಲು ಹಾಕಿಕೊಂಡು ಕೆಲಸ ಮಾಡಬೇಕು ಎನ್ನುವುದು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕರೆಯದೆಯೇ ಬಂದರು. ಕೈಯಲ್ಲಿ ಅವರದೇ ಸೌಟು. ಡ್ರಮ್ಮಿನಿಂದ ಒಂದಿಷ್ಟು ನೀರೆತ್ತಿ ನಾಲಿಗೆಗೆ ಹಚ್ಚಿಕೊಂಡರು.

"ಸಪ್ಪೆ."

"ಮೇಷ್ಟ್ರೇ, ಅದು ಅಡುಗೆ ಅಲ್ಲ."

"ಗೊತ್ತಯ್ಯಾ. ಅಡುಗೆ ಆಗಿದ್ರೆ ನಿನ್ನ ಹೆಂಡ್ತಿ ಇಷ್ಟೊತ್ತಿಗೆ ಸರಿಮಾಡಿರೋಳು."

ಅವರ ಹಿಂದೆಯೇ ದೊಡ್ಡಮ್ಮ ಮೆಟ್ಟಿಲು ಹತ್ತಿ ಬಂದಳು. "ಒಬ್ಬನೇ ಹೆಣಗ್ತಿದ್ದೀಯಂತೆ. ಏನಾದ್ರೂ ಹಿಡ್ಕೊಳ್ಲಾ ಮಗಾ?" ಎಂದು ಬಕೆಟ್ಟೊಂದನ್ನು ಎತ್ತಿಕೊಂಡಳು. ಆಮೇಲೆ ಖಾಲಿ ಸ್ಟೂಲಿನ ಕಡೆ ನೋಡಿದಳು. "ಅಲ್ಲಿ ಸರಿಯಾಗಿ ತಿಂತಾ ಇಲ್ವಂತೆ ಅದು. ಇಡೀ ದಿನ ಬಾಗ್ಲು ನೋಡ್ಕೊಂಡೇ ಕೂತಿರುತ್ತಂತೆ."

ಸಮುದ್ರರಾಯ ಕೇಳಿಸದವನಂತೆ ತೊಟ್ಟಿಗೆ ಕೈ ಹಾಕಿ ಎಲ್ಲಕ್ಕಿಂತ ದೊಡ್ಡ ಕಲ್ಲನ್ನು ಎತ್ತಿದ. ಮಣಿಕಟ್ಟಿಗೆ ಏನೋ ತಣ್ಣಗೆ ಸವರಿತು. ಬಗ್ಗಿ ನೋಡಿದ.

ಕಲ್ಲಿನ ತೂತಿನಿಂದ ಒಂದು ಹುಳ ಹೊರಬರುತ್ತಿತ್ತು. ಬರುತ್ತಲೇ ಇತ್ತು. ಮೊಳದುದ್ದ, ಲೆಕ್ಕವಿಲ್ಲದ ಕಾಲು, ಬಾಯಿಯಲ್ಲಿ ಅವನ ಗಡಿಯಾರ ರಿಪೇರಿಯ ಚಿಮಟಕ್ಕಿಂತ ಚೂಪಾದ ದವಡೆ. ತೂತಿನೊಳಗೆ ಎಳೆಎಳೆಯಾಗಿ ಮೀನಿನ ಮುಳ್ಳುಗಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಇವನು ದಾರಿಯಲ್ಲಿ ಹೋಗುವವರಿಗೆ ಬೈದಿದ್ದ.

ಆಗ ಅವನ ತಲೆಯಲ್ಲಿ ಮೀನೂ ಇರಲಿಲ್ಲ, ಹವಳವೂ ಇರಲಿಲ್ಲ. ದೊಡ್ಡಮ್ಮ ಇದನ್ನು ನೋಡಿದರೆ ತಾನು ಇನ್ನು ಆ ಮೆಟ್ಟಿಲು ಇಳಿಯುವುದು ಹೇಗೆ ಎನ್ನುವುದೊಂದೇ. ಹುಳದ ಸಮೇತ ಕಲ್ಲನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಮುಚ್ಚಳ ಹಾಕಿ, ಮೇಲೆ ಕೂತುಬಿಟ್ಟ.

"ಈಗಲೇ ಸುಸ್ತಾಯ್ತಾ?" ಎಂದಳು ಹೆಂಡತಿ.

"ಕೂತೇ ಹೇಳ್ತೀನಿ. ನೀವೆಲ್ಲ ಮಾಡಿ."

ಹಾಗೆ ಶುರುವಾಯಿತು ಕೂತವನ ಕಾರುಬಾರು. ಮೇಷ್ಟ್ರು ಸೌಟಿನಿಂದ ಮರಳು ಕದಡಲು ಹೋದರು. ಇವನು ಬಕೆಟ್ಟಿನ ಮೇಲಿಂದಲೇ ಕೂಗಿ ತಡೆದ. ಹೆಂಡತಿ ಹವಳವನ್ನು ತಲೆಕೆಳಗಾಗಿ ಇಟ್ಟಳು. ಕೈಕೈ ಹಿಸುಕಿಕೊಂಡ, ಏಳಲಿಲ್ಲ. ಮೀನು ಹಿಡಿಯುವ ಹೊತ್ತಿಗೆ ಮಾತ್ರ ಬೇರೆ ದಾರಿ ಇರಲಿಲ್ಲ. ಬಕೆಟ್ಟನ್ನು ಕುಂಡಿಯಿಂದಲೇ ತಳ್ಳಿಕೊಂಡು, ಭೇದಿ ಹಿಡಿದ ಕೂಸಿನಂತೆ ತೊಟ್ಟಿಯ ತನಕ ತೆವಳಿದ. ಗಾಜಿಗೆ ಟಕ್ ಟಕ್ ಅಂದ. ಮೀನು ಮೇಲೆ ಬಂತು, ಹೆಂಡತಿ ಬಟ್ಟಲಿನಲ್ಲಿ ಎತ್ತಿ ಹೊಸ ತೊಟ್ಟಿಗೆ ಬಿಟ್ಟಳು. ಅವನ ತೊಡೆಯ ಕೆಳಗೆ ಮುಚ್ಚಳ ಒಮ್ಮೆ ಮಿಸುಕಿತು.

"ಇನ್ನೂ ನೀರು ಬಿಡಮ್ಮಾ, ಕಂಠಮಟ್ಟ ತುಂಬ್ಲಿ. ಅರ್ಧಂಬರ್ಧ ಕೆಲಸ ನನಗಾಗಲ್ಲ" ಎಂದರು ಮೇಷ್ಟ್ರು. ನೀರು ಅಂಚಿಗೆ ಬಂತು. "ಇನ್ನೊಂದು ದೊಡ್ಡ ಕಲ್ಲಿತ್ತಲ್ಲ, ಎಲ್ಲಯ್ಯಾ?"

"ಅದು ಬೇಡ."

"ಬೇಡ ಅಂದ್ರೆ? ತೊಟ್ಟಿ ಬಿಕೋ ಅಂತಿದೆ. ಏಳು ಮೇಲೆ."

"ಸೊಂಟ ಹಿಡ್ಕೊಂಡಿದೆ ಮೇಷ್ಟ್ರೇ."

ಇದನ್ನು ಹೇಳಬಾರದಿತ್ತು. ದೊಡ್ಡಮ್ಮನ ಕರುಳು ಚುರ್ರೆಂದಿತು. "ಪಾಪ, ಅದಕ್ಕೇ ಆಗ್ಲಿಂದ ಮುಖ ಹಿಂಡ್ತಿದ್ದಾನೆ. ಹಿಡ್ಕೊಳ್ಳಿ ಮೇಷ್ಟ್ರೇ ಆ ಕಡೆ" ಎಂದವಳೇ ಒಂದು ರಟ್ಟೆಗೆ ಕೈ ಹಾಕಿದಳು. ಮೇಷ್ಟ್ರು ಇನ್ನೊಂದಕ್ಕೆ ಹಾಕಿದರು. ಇಬ್ಬರೂ ಸೇರಿ ಅವನನ್ನು ಮೂಲಂಗಿ ಕಿತ್ತಂತೆ ಕಿತ್ತರು. ಮುಚ್ಚಳ ಪಕ್ಕಕ್ಕೆ ಜಾರಿತು. ಹುಳ ಬಕೆಟ್ಟಿನ ಅಂಚಿನ ಮೇಲೆ ತಲೆ ಇಟ್ಟು ಎಲ್ಲರನ್ನೂ ನೋಡಿತು.

ದೊಡ್ಡಮ್ಮ ಬಗ್ಗಿ ಹುಳವನ್ನು ನೋಡಿದಳು, ತೂತಿನಲ್ಲಿದ್ದ ಮುಳ್ಳುಗಳನ್ನೂ ನೋಡಿದಳು.

"ಇದು ಏನು ತಿನ್ನುತ್ತೆ ಮಗಾ?"

ಉತ್ತರ ಹೆಂಡತಿ ಕೊಟ್ಟಳು. "ಮೀನು ದೊಡ್ಡಮ್ಮ. ಐದು ತಿಂದಿದೆ."

ದೊಡ್ಡಮ್ಮ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಮಡಿಸಿ ಸ್ಟೂಲಿನ ಮೇಲೆ ಇಟ್ಟಳು, ಅಷ್ಟೇ.

"ಮೆಟ್ಟಿಲ ಮೇಲೆ ಆಡಿದ ಮಾತನ್ನ ಮೆಟ್ಟಿಲ ಮೇಲೇ ವಾಪಸ್ ತಗೋಬೇಕು" ಎಂದರು ಮೇಷ್ಟ್ರು. ತಾವೇ ಮನೆಮನೆ ಬಾಗಿಲು ತಟ್ಟಿ ಎಲ್ಲರನ್ನೂ ಹೊರಗೆ ಕರೆದರು.

ಸಮುದ್ರರಾಯ ಮೆಟ್ಟಿಲ ಮೇಲೆ ನಿಂತ. ಅಂಗಿಯಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. "ಬೆಕ್ಕಿನದು ಏನೂ ತಪ್ಪಿಲ್ಲ. ತಪ್ಪೆಲ್ಲ ನಂದೇ. ಇನ್ಮೇಲೆ ಅದು ಯಾವಾಗ ಬೇಕಾದ್ರೂ ನಮ್ಮನೆಗೆ ಬರ್ಲಿ. ಅದರ ಮೇಲೆ ಇನ್ನೊಂದು ಸಲ ಅನುಮಾನ ಪಟ್ರೆ, ಮೇಷ್ಟ್ರೇ, ನೀವೇ ನನ್ನ ಕಿವಿ ಹಿಂಡಿ."

"ಎಲ್ಲರೂ ಕೇಳಿಸ್ಕೊಂಡ್ರಲ್ಲ?" ಎಂದರು ಮೇಷ್ಟ್ರು. ಹುಳದ ಬಕೆಟ್ಟನ್ನು ತಮ್ಮ ಹಳೆಯ ಶಾಲೆಗೆ ಕೊಡುತ್ತೇನೆಂದು ಮನೆಗೆ ಹೊತ್ತುಕೊಂಡು ಹೋದರು.

ಸಂಜೆಯ ಹೊತ್ತಿಗೆ ದೊಡ್ಡಮ್ಮ ಬುಟ್ಟಿಯೊಂದಿಗೆ ಬಂದಳು. ಈ ಸಲ ಬುಟ್ಟಿ ತುಂಬಿತ್ತು. ಬೆಕ್ಕನ್ನು ಸಮುದ್ರರಾಯನೇ ಎರಡೂ ಕೈಯಿಂದ ಎತ್ತಿ, ಅದರ ಹಳೆಯ ಸ್ಟೂಲಿನ ಮೇಲೆ ಕೂರಿಸಿದ. ಹೊಸ ತೊಟ್ಟಿಯನ್ನು ನೋಡಿ ಅದರ ಕಣ್ಣು ಬಟ್ಟಲಾಯಿತು. ದೊಡ್ಡಮ್ಮನ ಮುಖ ಅರಳಿತು. ಅಷ್ಟರಲ್ಲಿ ಮೇಷ್ಟ್ರೂ ಬಂದರು, ಎಲ್ಲರೂ ಅಡುಗೆಮನೆಗೆ ಟೀ ಕುಡಿಯಲು ಹೋದರು. ಲೋಟ ಹಿಡಿದ ಸಮುದ್ರರಾಯನಿಗೆ ಬೆಳಗಿನಿಂದ ಮೊದಲ ಸಲ ಉಸಿರು ಸಲೀಸಾಗಿ ಆಡಿತು.

ಟಕ್ ಟಕ್.

"ಗಾಜಿನವನು ಬಂದ" ಎಂದು ಎದ್ದು ಹೋಗಿ ಬಾಗಿಲು ತೆಗೆದ. ಗಾಜಿನವನು ಮುಚ್ಚಳವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಇನ್ನೂ ಕೊನೆಯ ಮೆಟ್ಟಿಲಲ್ಲಿ ಏದುಸಿರು ಬಿಡುತ್ತಿದ್ದ.

"ಬಾಗಿಲು ತಟ್ಟಿದ್ದು ನೀನಲ್ವಾ?"

"ಎಲ್ಲಿ ಸಾರ್, ಕೈ ಖಾಲಿ ಇದ್ರೆ ತಾನೇ?"

ಸಮುದ್ರರಾಯ ಮೆಲ್ಲಗೆ ಹಿಂದೆ ತಿರುಗಿದ. ತಿಂಗಳುಗಟ್ಟಲೆ ಆ ಸ್ಟೂಲಿನ ಮೇಲೆ ಕೂತ ಬೆಕ್ಕು ಸುಮ್ಮನೆ ಕೂತಿರಲಿಲ್ಲ, ಪಾಠ ಕಲಿತಿತ್ತು. ಅದರ ಬಲಗಾಲು ಬುಡದ ತನಕ ಒದ್ದೆಯಾಗಿತ್ತು. ಮೀಸೆಗೆ ನೀಲಿ ಬಣ್ಣದ ಒಂದು ಚೂರು ಅಂಟಿತ್ತು. ಅಷ್ಟು ದೊಡ್ಡ ತೊಟ್ಟಿಯಲ್ಲಿ ಒಂದು ಮೀನೂ ಇರಲಿಲ್ಲ.

ಎಲ್ಲರೂ ಬಂದು ನೋಡಿದರು. ಅವನು ಬಾಯಿ ತೆರೆದ. ಮೇಷ್ಟ್ರು ಅವನ ಕಿವಿಯ ಕಡೆ ನೋಡಿದರು. ಅವನು ಬಾಯಿ ಮುಚ್ಚಿದ.

"ಅಯ್ಯೋ, ಇನ್ನೊಂದು ಹುಳ ಇದೆ ಕಣೋ ಕಲ್ಲೊಳಗೆ" ಎಂದಳು ದೊಡ್ಡಮ್ಮ, ಬೆಕ್ಕನ್ನು ಎತ್ತಿ ಒದ್ದೆ ಕಾಲು ಒರೆಸುತ್ತ. "ಪಾಪ, ಮೀನನ್ನ ಉಳಿಸೋಕೆ ಇದು ನೀರಿಗೇ ಕೈ ಹಾಕಿದೆ ನೋಡು. ಎಲ್ಲಾ ಕಲ್ಲೂ ತೆಗೆದು ಸರಿಯಾಗಿ ನೋಡು ಮಗಾ."

"ಇರ್ಬೇಕು ದೊಡ್ಡಮ್ಮ" ಎಂದ ಸಮುದ್ರರಾಯ. ಮತ್ತೆ ಅಂಗಿಯ ತೋಳು ಮಡಿಚಿ, ಒಂದೊಂದೇ ಕಲ್ಲನ್ನು ಹೊರಗೆ ತೆಗೆಯತೊಡಗಿದ.

ಬೆಕ್ಕು ದೊಡ್ಡಮ್ಮನ ತೋಳಿನಿಂದ ಇಳಿದು, ಸ್ಟೂಲು ಹತ್ತಿ, ಅವನು ಕೆಲಸ ಸರಿಯಾಗಿ ಮಾಡುತ್ತಾನೋ ಇಲ್ಲವೋ ಎಂದು ನೋಡುತ್ತ ಕೂತಿತು.