ದೊಡ್ಡಪ್ಪನ ಗಾಳಿ ಗುರುಸಿದ್ದ

ತೊಂಬತ್ತರ ದಶಕದಲ್ಲಿ ಮೈಸೂರಿನ ಲಕ್ಷ್ಮೀಪುರಂನ ನಮ್ಮ ಮನೆಗೆ ಕೇಬಲ್ ಟೀವಿ ಬಂದಾಗ ಇಂಗ್ಲಿಷ್ ಕಾರ್ಟೂನನ್ನು ಪೂರ್ತಿ ಅರ್ಥ ಮಾಡಿಕೊಂಡವರು ನಮ್ಮ ದೊಡ್ಡಪ್ಪ ಒಬ್ಬರೇ! ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನಿಜ. ಅಂಥ ಸಣ್ಣಪುಟ್ಟ ತೊಡಕುಗಳಿಗೆಲ್ಲ ಜಗ್ಗುವ ಆಸಾಮಿಯೇ ಅವರು?

ದಿನಾ ಸಂಜೆ ಐದಕ್ಕೆ ಟೀವಿಯಲ್ಲಿ ಒಬ್ಬ ಮಹಾಶೂರ ಬರುತ್ತಿದ್ದ. ಬೆನ್ನಿಗೆ ಕೆಂಪು ಬಟ್ಟೆ ಕಟ್ಟಿಕೊಂಡು, ಚಡ್ಡಿಯನ್ನು ಪ್ಯಾಂಟಿನ ಮೇಲೆ ಹಾಕಿಕೊಂಡು ಹಾರುವವನು. ಹಾರಿದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಅವನ ನಿಜವಾದ ಹೆಸರು ಯಾರಿಗೆ ಬೇಕು? ದೊಡ್ಡಪ್ಪ ಅವನಿಗೆ ಗಾಳಿ ಗುರುಸಿದ್ದ ಎಂದು ನಾಮಕರಣ ಮಾಡಿದ್ದರು. ಮಕ್ಕಳಾದ ನಮ್ಮನ್ನು ಸುತ್ತ ಕೂರಿಸಿಕೊಂಡು, ಪರದೆಯ ಮೇಲೆ ಕಂಡದ್ದಕ್ಕೆಲ್ಲ ಕನ್ನಡದಲ್ಲಿ ಕಥೆ ಕಟ್ಟುವರು. ಗುರುಸಿದ್ದ ಕಟ್ಟಡಕ್ಕೆ ಡಿಕ್ಕಿ ಹೊಡೆದರೆ ಬೆಳಗ್ಗೆ ತಿಂಡಿ ತಿನ್ನದೆ ಹೊರಟಿದ್ದಾನೆ ಎಂದೇ ಲೆಕ್ಕ.

ಮನೆಯ ಮುಂಭಾಗದಲ್ಲೇ ಅವರ ದಿನಸಿ ಅಂಗಡಿ. ಐದಾಯಿತೆಂದರೆ ಅರ್ಧ ಬಾಗಿಲೆಳೆದು ಒಳಗೆ ಬಂದುಬಿಡುವರು. ಒಮ್ಮೆ ತೊಗರಿಬೇಳೆಗೆ ಬಂದ ಮೇಷ್ಟ್ರೊಬ್ಬರಿಗೆ, ಗುರುಸಿದ್ದ ಸೇತುವೆಯಿಂದ ನೇತಾಡುತ್ತಿದ್ದಾನೆ, ಇಳಿದ ಮೇಲೆ ಕೊಡುತ್ತೇನೆ ಎಂದರು. ಮೇಷ್ಟ್ರು ತಾವೂ ಒಳಗೆ ಬಂದು ಕೂತರು. ಗುರುಸಿದ್ದ ಕ್ಷೇಮವಾಗಿ ಇಳಿದ. ಮೇಷ್ಟ್ರು ಬೇಳೆಯನ್ನೇ ಮರೆತು ಮನೆಗೆ ಹೋದರು.

ಕಥೆಯ ಖಳನಾಯಕ ಒಬ್ಬ ಬೋಳುತಲೆಯ ವಿಜ್ಞಾನಿ. ದೊಡ್ಡಪ್ಪನ ಬಾಯಲ್ಲಿ ಬೋಡಪ್ಪ. ದಿನವೂ ಕೊನೆಗೆ ಅವನನ್ನು ಹಿಡಿದು ಎತ್ತರದ ಗೋಡೆಯ ಕಟ್ಟಡವೊಂದಕ್ಕೆ ತಳ್ಳುತ್ತಿದ್ದರು. ಅಲ್ಲಿ ಎಲ್ಲರಿಗೂ ಒಂದೇ ಬಗೆಯ ಬಟ್ಟೆ, ಗಂಟೆ ಹೊಡೆದರೆ ಊಟ, ತಟ್ಟೆ ಹಿಡಿದು ಸಾಲು.

"ನೋಡ್ರೋ, ಹಾಸ್ಟೆಲ್ಲಿಗೆ ಸೇರಿಸ್ಬುಟ್ರು," ಎನ್ನುವರು ದೊಡ್ಡಪ್ಪ. ಎಂಟನೇ ವಯಸ್ಸಿಗೆ ಮಠದ ಉಚಿತ ಹಾಸ್ಟೆಲ್ಲಿಗೆ ಸೇರಿ ಅಲ್ಲೇ ಬೆಳೆದವರು ಅವರು. ಮರುದಿನ ಬೋಡಪ್ಪ ಮತ್ತೆ ಹೊರಗೆ ಬಂದು ತರಲೆ ಶುರು ಮಾಡಿದರೆ, ದಸರಾ ರಜೆ ಕೊಟ್ಟಿದ್ದಾರೆ ಎಂದು ಸಮಜಾಯಿಷಿ. ಅಷ್ಟೊಂದು ದಸರಾ ರಜೆ ನಮ್ಮ ಮೈಸೂರಿನಲ್ಲೂ ಇಲ್ಲ!

ಒಂದು ಸಂಜೆ ಅವರ ಮಗಳು, ಇಂಗ್ಲಿಷ್ ಮೀಡಿಯಂ ಶಾಲೆಯ ನಮ್ಮಕ್ಕ, ತಡೆಯಲಾರದೆ ಹೇಳಿಬಿಟ್ಟಳು.

"ಅಪ್ಪಾ, ಅದು ಹಾಸ್ಟೆಲ್ಲಲ್ಲ, ಜೈಲು. ಬಾಗಿಲ ಮೇಲೇ ಬರ್ದಿದೆ."

"ಔದಾ?" ಎಂದರು ದೊಡ್ಡಪ್ಪ. ಎದ್ದು ಅಂಗಡಿಗೆ ಹೋಗಿ ಬಾಗಿಲನ್ನು ಪೂರ್ತಿ ತೆರೆದರು.

ಮರುದಿನ ಐದಕ್ಕೆ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಗಿರಾಕಿಗಳಿಲ್ಲದಿದ್ದರೂ ಅಲ್ಲೇ ತಕ್ಕಡಿ ಒರೆಸುತ್ತ ಕೂತಿರುವರು. ಗುರುಸಿದ್ದ ಬಿದ್ದ, ಎದ್ದ, ಮತ್ತೆ ಬಿದ್ದ. ನಮಗೆ ನಗುವೇ ಬರಲಿಲ್ಲ. ಅಕ್ಕನಂತೂ ಟೀವಿ ಬಿಟ್ಟು ಅಂಗಡಿಯ ಕಡೆಗೇ ನೋಡುತ್ತಿದ್ದಳು. ಇನ್ನು ಅವರು ಕಥೆ ಹೇಳುವುದೇ ಇಲ್ಲವೇನೋ ಎಂದು ನಮಗೆಲ್ಲ ಭಯವಾಗಿತ್ತು.

ಹೀಗೇ ವಾರ ಕಳೆಯಿತು. ಕಡೆಗೆ ಅಕ್ಕ ಅವರನ್ನು ಕೈಹಿಡಿದು ಒಳಗೆ ಕರೆತಂದಳು. ಟೀವಿಯ ಧ್ವನಿಯನ್ನು ಪೂರ್ತಿ ತಗ್ಗಿಸಿದಳು.

"ನಮಗೆ ಅರ್ಥ ಆಗ್ತಿಲ್ಲಪ್ಪ. ನೀನೇ ಹೇಳು."

"ಜೈಲು ಅಂದ್ಯಲ್ಲಮ್ಮ."

"ಅವ್ರ ಕಥೇಲಿ ಜೈಲು. ನಿನ್ನ ಕಥೇಲಿ ಹಾಸ್ಟೆಲ್ಲೇ."

ಪರದೆಯ ಮೇಲೆ ಬೋಡಪ್ಪ ಕಂಬಿ ಹಿಡಿದು ನಿಂತಿದ್ದ. ಗುರುಸಿದ್ದ ಹಾರಿ ಬಂದು ಕಿಟಕಿಯ ಆಚೆ ಇಳಿದ. ದೊಡ್ಡಪ್ಪ ನಿಧಾನವಾಗಿ ಶುರು ಮಾಡಿದರು.

"ಅಲ್ಲಿ ಇವತ್ತು ಭಾನುವಾರ ಕಣ್ರೋ. ಹಾಸ್ಟೆಲ್ ಹುಡುಗ್ರನ್ನ ನೋಡೋಕೆ ಮನೆಯವ್ರು ಬರೋ ದಿನ. ಬೋಡಪ್ಪ ಬೆಳಗ್ಗಿಂದ ಕಾಯ್ತಾವ್ನೆ. ಯಾರೂ ಬರ್ಲಿಲ್ಲ. ಅದ್ಕೆ ಗುರುಸಿದ್ದನೇ ಬಂದವ್ನೆ."



"ನಿನ್ನ ನೋಡೋಕೆ ಯಾರಪ್ಪ ಬರ್ತಿದ್ರು?" ಅಕ್ಕ ಕೇಳಿದಳು.

ದೊಡ್ಡಪ್ಪ ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಊರು ದೂರ ಇತ್ತಮ್ಮ," ಎಂದರು.

ಅಕ್ಕ ಸರಿದು ಬಂದು ಅವರ ತೊಡೆಯ ಮೇಲೆ ತಲೆಯಿಟ್ಟಳು.

"ನಾನು ಇದ್ದಿದ್ರೆ ಬರ್ತಿದ್ದೆ ಕಣಪ್ಪ," ಎಂದಳು.